ಚಕ್ಕಡಿಗೆ ಎಂಟು, ಸೈಕಲ್ಲಿಗೆ ಅರ್ಧ

ದಾಂಡೇಲಿಯಿಂದ ಉಳವಿಗೆ ಹೋಗುವ ದಾರಿಯಲ್ಲಿ ಪೊಟೋಲಿಯನ್ನು ದಾಟಿದ ಮೇಲೆ ಕಾಡು ಎರಡೂ ಬದಿಗಳಿಂದ ರಸ್ತೆಯನ್ನು ಒತ್ತಿಕೊಂಡು ಬರುತ್ತದೆ. ಎರಡು ವರ್ಷಗಳ ಹಿಂದೆ ಮಾಘ ಮಾಸದ ಒಂದು ಮುಂಜಾನೆ, ಅಲ್ಲಿಯ ಏರೊಂದರಲ್ಲಿ ನಾನು ಸೈಕಲ್ಲಿನಿಂದ ಇಳಿದು ಬದಿಗೆ ನಿಂತಿದ್ದೆ. ಚನ್ನಬಸವಣ್ಣನ ಜಾತ್ರೆಗೆಂದು ಧಾರವಾಡದ ಕಡೆಯಿಂದ ಹೊರಟ ಚಕ್ಕಡಿಗಳ ಸಾಲು ಹಿಂದಿನಿಂದ ಬರುತ್ತಿತ್ತು. ಎತ್ತುಗಳ ಕೊರಳ ಗಂಟೆಯ ಸದ್ದು ಬಂಡಿಗಳು ಕಣ್ಣಿಗೆ ಬೀಳುವುದಕ್ಕಿಂತ ಎಷ್ಟೋ ಮೊದಲು ಕಿವಿಗೆ ಬಿದ್ದಿತ್ತು. ಮುಂದಿನ ಚಕ್ಕಡಿಯನ್ನು ಹೊಡೆಯುತ್ತಿದ್ದ ಯುವಕ ನನ್ನನ್ನೂ ನನ್ನ ಸೈಕಲ್ಲನ್ನೂ ನೋಡಿ, ‘ಯಾಕ್ರೀ ಅಜ್ಜಾರ, ಇಳದ್ ನಿಂತೀರಲ್ಲ? ಮುಂದ ನಡೀರಿ, ನಮಗೇನ್ ಅವಸರಿಲ್ಲ’ ಎಂದ. ಅವನಿಗೆ ನಾನು ದಾರಿ ಬಿಟ್ಟಿದ್ದೆ. ಅವನು ನನಗೆ ದಾರಿ ಬಿಡುತ್ತಿದ್ದ. ಬೆಂಗಳೂರಿನ ರಸ್ತೆಗಳಲ್ಲಿ ಮೂವತ್ತು ವರ್ಷ ಓಡಾಡಿದ ನನಗೆ ಇದು ಮರೆತೇಹೋಗಿದ್ದ ಸೌಜನ್ಯ.

ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಮಗಳ ಒತ್ತಾಯಕ್ಕೆ ಕೊಂಡ ಗೇರಿನ ಸೈಕಲ್ಲನ್ನು ರೈಲಿನ ಬ್ರೇಕ್ ವ್ಯಾನಿಗೆ ಹಾಕಿ, ಪ್ರತಿ ಚಳಿಗಾಲ ಧಾರವಾಡದಲ್ಲಿ ಇಳಿದು, ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡಗಳ ಒಳದಾರಿಗಳಲ್ಲಿ ಒಂದಷ್ಟು ದಿನ ತಿರುಗುವುದು ನನ್ನ ರೂಢಿಯಾಗಿದೆ. ಈ ದಾರಿಗಳ ಸೊಬಗನ್ನು ಬಣ್ಣಿಸುವುದಷ್ಟೇ ಈ ಲೇಖನದ ಉದ್ದೇಶವಾಗಿದ್ದರೆ ಸುಲಭವಿತ್ತು. ಆದರೆ ಆ ದಾರಿಗಳೊಂದಿಗೆ ನನಗೆ ಹಳೆಯ ಬಾಕಿಯೊಂದಿದೆ. ಅದನ್ನೂ ಹೇಳದೆ ಸೊಬಗನ್ನು ಮಾತ್ರ ಹೇಳುವುದು ಪ್ರಾಮಾಣಿಕವಾಗಲಾರದು.

1981ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ನಾವು ಮೂವರು ಗೆಳೆಯರು ಧಾರವಾಡದಲ್ಲಿ ಬಾಡಿಗೆ ಸೈಕಲ್ ಹಿಡಿದು ಹಳಿಯಾಳದ ಮೂಲಕ ದಾಂಡೇಲಿಗೆ ಹೋಗಿದ್ದೆವು. ಐವತ್ತೈದು ಕಿಲೋಮೀಟರುಗಳ ಆಸುಪಾಸಿನ ದಾರಿ. ಹಳಿಯಾಳದವರೆಗೆ ಭತ್ತದ ಗದ್ದೆ, ಹೊಲ, ಮಾವಿನ ಮರ, ಆಮೇಲೆ ಸಾಗುವಾನಿ. ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಶುರುವಾಯಿತು ಎಂಬುದು ಬಸ್ಸಿನಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ಪೆಡಲು ತುಳಿಯುವವನ ಮೊಣಕಾಲಿಗೆ ತಿಳಿಯುತ್ತದೆ. ಮೋಡ ಕವಿದ ದಿನ ಕೂಡ ಗಾಳಿಯ ವಾಸನೆ ಬದಲಾಗುವ ಒಂದು ತಿರುವಿದೆ. ನಲವತ್ತು ವರ್ಷಗಳ ಮೇಲೆ ಮತ್ತೆ ಹೋದಾಗ ಆ ತಿರುವು ಅಲ್ಲಿಯೇ ಇತ್ತು.

ಈ ನಾಡಿನ ನೆಲದ ಬಗ್ಗೆ ಒಂದು ಮಾತು. ಧಾರವಾಡದ ಹೆಸರಿನಿಂದಲೇ ಭೂವಿಜ್ಞಾನಿಗಳು ಕರೆಯುವ ಅತಿ ಪುರಾತನ ಶಿಲಾಸಮೂಹ ಇಲ್ಲಿಯದು. ಅದರ ನಡುನಡುವೆ ಸುಣ್ಣಕಲ್ಲಿನ ಪಟ್ಟಿಗಳಿವೆ. ಮಳೆನೀರು ಗಾಳಿಯಿಂದಲೂ ಕೊಳೆತ ತರಗೆಲೆಗಳಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ; ಆ ಆಮ್ಲವು ಸುಣ್ಣಕಲ್ಲನ್ನು ಸಾವಿರಾರು ವರ್ಷ ಕರಗಿಸಿ ಗವಿಗಳನ್ನೂ ಶಿಖರಗಳನ್ನೂ ಮಾಡುತ್ತದೆ. ದಾಂಡೇಲಿ ಅಭಯಾರಣ್ಯದೊಳಗಿನ ಕವಳಾ ಗುಹೆ ಹೀಗೆ ಆದದ್ದು. ಬಗ್ಗಿ, ತೆವಳಿ ಒಳಹೊಕ್ಕರೆ ಕಾಣುವ ಲಿಂಗವು ತೊಟ್ಟಿಕ್ಕುವ ನೀರಿನಿಂದ ತಾನಾಗಿ ಬೆಳೆದದ್ದು. ಶಿವರಾತ್ರಿಗೆ ಅಲ್ಲಿ ಜನ ಸೇರುತ್ತಾರೆ. ಇದೇ ಜಿಲ್ಲೆಯ ದಕ್ಷಿಣಕ್ಕೆ, ಕುಮಟಾ ತಾಲ್ಲೂಕಿನ ಯಾಣದಲ್ಲಿ ಭೈರವೇಶ್ವರ ಶಿಖರವು 120 ಮೀಟರ್ ಎತ್ತರಕ್ಕೆ ನಿಂತಿರುವುದೂ ಈ ಕ್ರಿಯೆಯಿಂದಲೇ. ಇಂಥ ನೆಲಕ್ಕೆ ‘ಕಾರ್ಸ್ಟ್’ ಎಂಬ ಹೆಸರು ಬಂದದ್ದು ಸ್ಲೊವೇನಿಯಾದ ಕ್ರಾಸ್ ಎಂಬ ಪ್ರಸ್ಥಭೂಮಿಯಿಂದ. ಫ್ರಾನ್ಸಿನ ವೆರ್ಕೋರ್ ಎಂಬ ಸುಣ್ಣಕಲ್ಲಿನ ಬೆಟ್ಟಸೀಮೆಯಲ್ಲಿ 19ನೆಯ ಶತಮಾನದಲ್ಲಿ ಮರ ಸಾಗಿಸಲು ಬಂಡೆ ಕೊರೆದು ಮಾಡಿದ ರಸ್ತೆಗಳು ಇಂದು ಸೈಕಲ್ ಸವಾರರ ಯಾತ್ರಾಸ್ಥಳಗಳಾಗಿವೆ. ದಾಂಡೇಲಿಯ ದಾರಿಗಳ ಕಥೆಯೂ ಅದಕ್ಕೆ ಹತ್ತಿರದ್ದೇ. ಇಲ್ಲಿಯ ರಸ್ತೆಗಳು, ಅಳ್ನಾವರದಿಂದ ಬಂದ ರೈಲು ಹಳಿ, ಎಲ್ಲವೂ ಮೊದಲು ಹುಟ್ಟಿದ್ದು ಸಾಗುವಾನಿ ದಿಮ್ಮಿಗಳಿಗಾಗಿ. ಮನುಷ್ಯರು ಆಮೇಲೆ ಬಂದರು.

ನಾನು ಮೆಚ್ಚಿದ ದಾರಿಗಳು ಮೂರು. ಮೊದಲನೆಯದು ದಾಂಡೇಲಿಯಿಂದ ಪೊಟೋಲಿ, ಗುಂದಗಳ ಮೂಲಕ ಉಳವಿ. ಉಳವಿಯಿಂದ ಕುಂಬಾರವಾಡಕ್ಕೆ ಬಂದು ಜೊಯಿಡಾ. ಅಲ್ಲಿಂದ ಮರಳಿ ದಾಂಡೇಲಿ. ನನ್ನ ವಯಸ್ಸಿನವರಿಗೆ ಇದು ಮೂರು ದಿನದ ಸುತ್ತು. ಗುಂದದ ಬಳಿ ದಾರಿ ಬಿಟ್ಟು ಒಳಹೋದರೆ ಕಾನೇರಿ ನದಿಯ ದಂಡೆಯಲ್ಲಿ ಸುಮಾರು 300 ಅಡಿ ಎತ್ತರದ ಸಿಂಥೇರಿ ಬಂಡೆಯಿದೆ. ಎರಡನೆಯದು ಹಳಿಯಾಳದಿಂದ ಸಾಂಬ್ರಾಣಿ, ಭಾಗವತಿಗಳ ಕಡೆಯಿಂದ ಯಲ್ಲಾಪುರದತ್ತ ಹೋಗುವುದು. ಸಿದ್ದಿ ಸಮುದಾಯದ ಮನೆಗಳು, ಗೌಳಿಗರ ಎಮ್ಮೆ ಹಿಂಡುಗಳು, ಕಬ್ಬಿನ ಗದ್ದೆಗಳ ನಡುವಿನ ದಾರಿಯದು. ಮೂರನೆಯದು ಯಲ್ಲಾಪುರದಿಂದ ಮುಂಡಗೋಡ, ಅಲ್ಲಿಂದ ಅತ್ತಿವೇರಿ ಪಕ್ಷಿಧಾಮ. ಮುಂಡಗೋಡದ ಬಳಿ 1966ರಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ವಸಾಹತುವಿದೆ. ಡ್ರೆಪುಂಗ್, ಗ್ಯಾಂಡೆನ್ ಎಂಬ ಮಹಾವಿಹಾರಗಳನ್ನು ಅಲ್ಲಿ ಮರಳಿ ಕಟ್ಟಿಕೊಂಡಿದ್ದಾರೆ. ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಕೆಂಪು ವಸ್ತ್ರದ ಭಿಕ್ಷುವೊಬ್ಬರು ಕೈಬೀಸಿ ನಗುವುದನ್ನು ಸೈಕಲ್ಲಿನ ವೇಗದಲ್ಲಿ ಮಾತ್ರ ಕಾಣಬಹುದು.

ಈ ಮೂರೂ ದಾರಿಗಳಲ್ಲಿ ಒಂದೊಂದು ವೇಳೆ ಅರ್ಧ ಗಂಟೆಯಾದರೂ ಒಂದು ವಾಹನವೂ ಎದುರಾಗುವುದಿಲ್ಲ. ಮೇಲೆ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಕೇಳುತ್ತದೆ. ಇದಕ್ಕೆ ತೀರ ಹತ್ತಿರದಲ್ಲೇ ಹುಬ್ಬಳ್ಳಿ–ಯಲ್ಲಾಪುರ–ಅಂಕೋಲಾ ಹೆದ್ದಾರಿಯಿದೆ. 2010ರಲ್ಲಿ ಬೇಲೆಕೇರಿ ಬಂದರಿನ ಅದಿರು ಪ್ರಕರಣ ಬಯಲಿಗೆ ಬರುವ ಮುನ್ನ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಹಗಲಿರುಳು ಸಾಗಿದ ಮಾರ್ಗ ಅದು. ಇಂದಿಗೂ ಅಲ್ಲಿ ಸೈಕಲ್ ಸವಾರನಿಗೆ ಜಾಗವಿಲ್ಲ. ಒಂದೇ ಕಾಡು, ಒಂದೇ ಮಳೆ. ಒಂದು ದಾರಿ ಗರ್ಜಿಸುತ್ತದೆ, ಇನ್ನೊಂದು ಮೌನವಾಗಿದೆ. ಈ ಮೌನ ಎಲ್ಲಿಂದ ಬಂತು?

ಅದು ಪ್ರಕೃತಿ ತಾನಾಗಿ ಕೊಟ್ಟ ವರವೆಂದು ಸೈಕಲ್ ಸವಾರನಿಗೆ ಅನ್ನಿಸುವುದು ಸಹಜ. ವಾಸ್ತವ ಬೇರೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ ಘೋಷಣೆಯಾಯಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಜೊಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಈ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಮುಗಿಸಿದ್ದು 1987ರಲ್ಲಿ. ಸೂಪಾ ಎಂಬ ತಾಲ್ಲೂಕು ಕೇಂದ್ರವೇ ನೀರಿನಲ್ಲಿ ಮುಳುಗಿತು. ಕಚೇರಿಗಳು ಜೊಯಿಡಾಕ್ಕೆ ಬಂದವು, ಜನರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಇಂದು ಜೊಯಿಡಾ ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು. 2011ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ 50 ಸಾವಿರದ ಆಸುಪಾಸು. ರಾಜ್ಯದಲ್ಲಿ ಸರಾಸರಿ ಚದರ ಕಿಲೋಮೀಟರಿಗೆ 319 ಜನರಿದ್ದಾಗ ಇಲ್ಲಿ ಮೂವತ್ತಕ್ಕೂ ಕಡಿಮೆ. ನಮ್ಮೆಲ್ಲರ ಮನೆಯ ದೀಪಕ್ಕಾಗಿ ಒಂದು ಊರು ಮುಳುಗಿದ, ನಮ್ಮೆಲ್ಲರ ಹುಲಿಗಾಗಿ ಹಲವು ಊರುಗಳು ಕೈಕಟ್ಟಿ ಕುಳಿತ ನೆಲವಿದು. ನಾನು ಬಿಡುವಿನಲ್ಲಿ ಸವಿಯುವ ನಿಶ್ಶಬ್ದಕ್ಕೆ ಬೆಲೆ ತೆತ್ತವರು ಬೇರೆಯವರು.

ಈಗ ಹಳೆಯ ಬಾಕಿಯ ಮಾತು. 1990ರ ದಶಕದ ಆರಂಭದಲ್ಲಿ ನಾನು ರಸ್ತೆ ಕಾಮಗಾರಿಗಳ ಪ್ರಸ್ತಾವಗಳನ್ನು ಪರಿಶೀಲಿಸುವ ಹುದ್ದೆಯೊಂದರಲ್ಲಿದ್ದೆ. ಜೊಯಿಡಾ ತಾಲ್ಲೂಕಿನ ಒಂದು ಮಜಿರೆಯ ಹಳ್ಳಕ್ಕೆ ಕಿರುಸೇತುವೆ ಬೇಕೆಂಬ ಪ್ರಸ್ತಾವ ನನ್ನ ಮೇಜಿಗೆ ಬಂತು. ಹದಿನೈದೋ ಹದಿನಾರೋ ಮನೆಗಳ ಊರು. ಆ ಕಾಲಕ್ಕೆ ರಸ್ತೆಯ ಅಗತ್ಯವನ್ನು ಅಳೆಯಲು ನಮ್ಮ ಕೈಯಲ್ಲಿದ್ದ ಮುಖ್ಯ ಸಾಧನ ವಾಹನ ಗಣತಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯ ಪ್ರಕಾರ ಕಾರನ್ನು ಒಂದು ಘಟಕವೆಂದು ಹಿಡಿದು, ಬಸ್ಸು ಅಥವಾ ಲಾರಿಗೆ ಮೂರು, ಎತ್ತಿನ ಬಂಡಿಗೆ ಎಂಟು, ಸೈಕಲ್ಲಿಗೆ ಅರ್ಧ ಎಂದು ಲೆಕ್ಕ ಹಾಕಬೇಕು. ಈ ಅಂಕಿಗಳು ಆಯಾ ವಾಹನದ ಯೋಗ್ಯತೆಯನ್ನು ಹೇಳುವುದಿಲ್ಲ. ಅದು ಕಾರಿನ ಓಟಕ್ಕೆ ಎಷ್ಟು ಅಡ್ಡಿ ಎಂಬುದನ್ನು ಹೇಳುತ್ತವೆ. ಅಂದರೆ ಉಳವಿಗೆ ಹೋಗುವ ಒಂದು ಚಕ್ಕಡಿ ಎಂಟು ಕಾರುಗಳಷ್ಟು ತೊಡಕು. ನಡೆದು ಹೋಗುವವರಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಆ ಮಜಿರೆಯ ದಾರಿಯಲ್ಲಿ ಕಾರು, ಲಾರಿಗಳಿರಲಿಲ್ಲ. ಇದ್ದದ್ದು ನಡೆಯುವವರು ಮತ್ತು ಎರಡು ಮೂರು ಸೈಕಲ್ಲು. ಹೂಡಿಕೆಗೆ ತಕ್ಕ ಪ್ರತಿಫಲವಿಲ್ಲವೆಂದು ನಾನು ಅಚ್ಚುಕಟ್ಟಾದ ಟಿಪ್ಪಣಿ ಬರೆದೆ. ಕಡತ ಮುಚ್ಚಿತು. ನಿಯಮ ಮೀರಲಿಲ್ಲ, ಲಂಚ ಮುಟ್ಟಲಿಲ್ಲ. ಹಾಗಾಗಿ ಅಂದು ಮನಸ್ಸಿಗೇನೂ ಅನ್ನಿಸಲೂ ಇಲ್ಲ.

ಮೂರು ಚಳಿಗಾಲಗಳ ಹಿಂದೆ ಕುಂಬಾರವಾಡದ ಕಡೆಯಿಂದ ಬರುವಾಗ ಆ ಮಜಿರೆಯ ಹೆಸರಿನ ಫಲಕ ಕಣ್ಣಿಗೆ ಬಿತ್ತು. ಕಡತದಲ್ಲಿ ಓದಿದ್ದ ಹೆಸರು ಮೂವತ್ತು ವರ್ಷಗಳ ಮೇಲೆ ಥಟ್ಟನೆ ನೆನಪಾಯಿತು. ಮಣ್ಣುದಾರಿಗೆ ಸೈಕಲ್ ತಿರುಗಿಸಿದೆ. ಹಳ್ಳದ ಮೇಲೆ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕವಿತ್ತು. ಸೈಕಲ್ಲನ್ನು ಹೆಗಲಿಗೆ ಹೊತ್ತು ದಾಟುವಾಗ ಆಚೆಯ ದಂಡೆಯಲ್ಲಿದ್ದ ನನ್ನದೇ ವಯಸ್ಸಿನ ಕುಣಬಿ ರೈತರೊಬ್ಬರು ಕೈಕೊಟ್ಟು ಹತ್ತಿಸಿಕೊಂಡರು. ಮನೆಗೆ ಕರೆದೊಯ್ದು ಬೇಯಿಸಿದ ಗೆಣಸು, ಬೆಲ್ಲದ ಚಹಾ ಕೊಟ್ಟರು. ಊರು ಎಷ್ಟು ಶಾಂತವಾಗಿದೆ ಎಂದು ನಾನು ಹೊಗಳಿದೆ. ಅವರು ನಕ್ಕು, ‘ಮಳೆಗಾಲದಲ್ಲಿ ಬನ್ನಿ ಸಾಹೇಬ್ರೇ. ಆಗ ಸಂಕದ ಮೇಲೆ ಸೈಕಲ್ ಅಲ್ಲ, ಮನುಷ್ಯರನ್ನೇ ಹೊರಬೇಕಾಗ್ತದೆ’ ಎಂದರು. ಹೆರಿಗೆ ನೋವಿನ ಸೊಸೆಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಈ ಹಳ್ಳ ದಾಟಿಸಿದ್ದನ್ನು ಹೇಳಿದರು. ಮಗು ಉಳಿದಿತ್ತು; ಅಂಗಳದಲ್ಲಿ ಆಡುತ್ತಿದ್ದ ಹುಡುಗಿ ಅದೇ. ಆ ಟಿಪ್ಪಣಿಯನ್ನು ಬರೆದವನು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಇಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಟಿಪ್ಪಣಿಯ ನಂತರ ಕಾಲ ಬದಲಾಗಲಿಲ್ಲವೆಂದಲ್ಲ. 2000ದ ಡಿಸೆಂಬರಿನಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ವಾಹನಗಳನ್ನು ಬಿಟ್ಟು ಜನರನ್ನು ಎಣಿಸಿತು. ಇದು ದೊಡ್ಡ ಸುಧಾರಣೆಯೇ. ಆದರೆ ಬಯಲು ಪ್ರದೇಶಕ್ಕೆ 500 ಜನರ ವಸತಿ, ಗುಡ್ಡಗಾಡು ರಾಜ್ಯಗಳು ಹಾಗೂ ಪರಿಶಿಷ್ಟ ಬುಡಕಟ್ಟು ಪ್ರದೇಶಗಳಿಗೆ 250 ಎಂಬ ಮಿತಿಯನ್ನು ಅದು ಇಟ್ಟುಕೊಂಡಿತ್ತು. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ, ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳೂ ಇಲ್ಲಿಲ್ಲ. ಹದಿನಾರು ಮನೆಗಳ ಮಜಿರೆ 250ನ್ನೂ ಮುಟ್ಟದು, 500ರ ಮಾತಂತೂ ದೂರವೇ ಉಳಿಯಿತು. ಹಿಂದೆ ಕಾರಿಲ್ಲವೆಂದು ಬಿಟ್ಟುಹೋದ ಊರು, ಈಗ ಜನ ಸಾಲದೆಂದು ಬಿಟ್ಟುಹೋಯಿತು.

ಇದೇ ವೇಳೆಗೆ ಇನ್ನೊಂದು ಕಡೆಯಿಂದ ಇನ್ನೊಂದು ಬೇಡಿಕೆ ಬೆಳೆಯುತ್ತಿದೆ. ದಾಂಡೇಲಿ, ಗಣೇಶಗುಡಿಗಳ ಸುತ್ತ ರೆಸಾರ್ಟು, ಹೋಂಸ್ಟೇಗಳು ಹೆಚ್ಚಿವೆ. ಶನಿವಾರ ಬೆಳಗಾದರೆ ಕಾರುಗಳ ಸಾಲು. ರಸ್ತೆ ಅಗಲವಾಗಲಿ, ತಿರುವು ನೇರವಾಗಲಿ, ಪ್ರವಾಸಿಗರು ಬೇಗ ತಲುಪಲಿ ಎಂಬ ಒತ್ತಾಯ ಸಹಜವಾಗಿಯೇ ಕೇಳಿಬರುತ್ತದೆ. ಊರಿನ ಕೆಲವರಿಗೆ ಇದರಿಂದ ಉದ್ಯೋಗ ದೊರೆತಿದೆ; ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಗಲವಾದ ರಸ್ತೆ ಮತ್ತು ಆ ಮಜಿರೆಯ ಕಾಲುಸಂಕ ಒಂದೇ ‘ಅಭಿವೃದ್ಧಿ’ ಎಂಬ ಹೆಸರಿನಡಿ ಬಂದರೂ ಎರಡೂ ಒಂದೇ ಅಲ್ಲ. ವಾಹನ ಗಣತಿಯ ಲೆಕ್ಕದಲ್ಲಿ ಪ್ರತಿ ಬಾರಿಯೂ ಗೆಲ್ಲುವುದು ಮೊದಲನೆಯದು. ಗುಡ್ಡ ಕಡಿದು ರಸ್ತೆ ಹಿಗ್ಗಿಸುವುದರ ಅಪಾಯವನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡವೇ ಜರಿದು ಜೀವಗಳನ್ನು ಬಲಿ ತೆಗೆದುಕೊಂಡಿತು.

ವೇಗದ ಲಾಭವನ್ನು ನಾವು ಅರ್ಥಶಾಸ್ತ್ರದವರು ಸಾಮಾನ್ಯವಾಗಿ ಉಳಿದ ನಿಮಿಷಗಳಲ್ಲಿ ಅಳೆಯುತ್ತೇವೆ. 1970ರ ದಶಕದಲ್ಲಿ ಇವಾನ್ ಇಲಿಚ್ ಎಂಬ ಚಿಂತಕ ಈ ಲೆಕ್ಕವನ್ನು ತಿರುಗಿಸಿ ನೋಡಿದರು. ಅಮೆರಿಕದ ಒಬ್ಬ ಕಾರಿನ ಒಡೆಯ ಕಾರು ಓಡಿಸುವ ಹೊತ್ತಿಗೆ, ಆ ಕಾರಿನ ಕಂತು, ಇಂಧನ, ವಿಮೆಗಳಿಗಾಗಿ ದುಡಿಯುವ ಹೊತ್ತನ್ನೂ ಸೇರಿಸಿದರೆ ಅವನ ನಿಜವಾದ ವೇಗ ಗಂಟೆಗೆ ಐದು ಮೈಲಿಗಿಂತಲೂ ಕಡಿಮೆ ಎಂದು ತೋರಿಸಿದರು. ಈ ಲೆಕ್ಕದಲ್ಲಿ ತುಸು ಚೇಷ್ಟೆಯಿದೆ, ಒಪ್ಪುತ್ತೇನೆ. ಆದರೆ ದಾಂಡೇಲಿಗೆ ಇಪ್ಪತ್ತು ನಿಮಿಷ ಬೇಗ ತಲುಪುವ ಪ್ರವಾಸಿಯ ಲಾಭವನ್ನು ರೂಪಾಯಿಯಲ್ಲಿ ಬರೆಯುವ ನಾವು, ಹೆರಿಗೆಗೆ ಹೊರಟವಳು ಹಳ್ಳದ ದಂಡೆಯಲ್ಲಿ ಕಳೆದ ಎರಡು ತಾಸನ್ನು ಯಾವ ಕಂಬದಲ್ಲಿ ಬರೆದಿದ್ದೇವೆ? ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದೊಡ್ಡ ದನಿಯಲ್ಲಿ ಕೇಳಿದ್ದರ ಹಿಂದೆ ಇದ್ದದ್ದೂ ಇಂಥ ಬರೆಯದೆ ಬಿಟ್ಟ ತಾಸುಗಳೇ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳ ಅಗತ್ಯ ನನಗೆ ಕಾಣುವುದಿಲ್ಲ. ಮೊದಲನೆಯದಾಗಿ, ಕಾಡಿನೊಳಗಿನ ಈಗಿರುವ ರಸ್ತೆಗಳನ್ನು ಅಗಲಿಸುವ ಹಣವನ್ನು ಅವುಗಳ ದುರಸ್ತಿಗೂ ಮಜಿರೆಗಳ ಕಾಲುಸಂಕ, ಕಿರುಸೇತುವೆಗಳಿಗೂ ತಿರುಗಿಸಬೇಕು. ಜೀಪೊಂದು ದಾಟುವಷ್ಟಿದ್ದರೆ ಸಾಕು, ಆಂಬುಲೆನ್ಸ್ ಬರುತ್ತದೆ. ಎರಡನೆಯದಾಗಿ, ಬಸ್ಸು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಟಿಕೆಟ್ಟಿನ ಹಣ ಉಳಿಯಿತು. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ಟಿಗೆ ಅರ್ಥವಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಸಣ್ಣ ಬಸ್ಸು ಸಮಯಕ್ಕೆ ಬಂದರೆ ರಸ್ತೆಯ ಮೌನವೇನೂ ಕೆಡದು. ಮೂರನೆಯದಾಗಿ, ಸೈಕಲ್ಲು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ಹುಡುಗಿಯರು ಸಾಲಾಗಿ ಪ್ರೌಢಶಾಲೆಗೆ ಹೋಗುವ ದೃಶ್ಯ ರಾಜ್ಯದ ಎಲ್ಲೆಡೆ ಕಂಡಿತ್ತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಕಾಡಂಚಿನ ತಾಲ್ಲೂಕುಗಳಿಗಾದರೂ ಅದನ್ನು ಮತ್ತೆ ತರಬೇಕು. ಕೊನೆಯದಾಗಿ, ಈ ಒಳದಾರಿಗಳಲ್ಲಿ ವಾರಾಂತ್ಯದ ವೇಗಕ್ಕೆ ಮಿತಿ ಹಾಕಿ ಅದನ್ನು ನಿಜವಾಗಿಯೂ ಜಾರಿಗೆ ತರಬೇಕು. ನಿಧಾನ ಮಾಡಿದರೆ ಜಿಂಕೆಗೂ ಒಳಿತು, ಶಾಲೆಯ ಹುಡುಗಿಗೂ ಒಳಿತು.

ಇದನ್ನು ಓದಿ ಸೈಕಲ್ ಹೊರಡಿಸುವ ಮನಸ್ಸಾದವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಕು ಹರಿದ ಮೇಲೆ ಹೊರಟು ಸೂರ್ಯ ಇಳಿಯುವ ಮುನ್ನ ಊರು ಸೇರಿ. ಭತ್ತ ಕೊಯ್ಲಿನ ದಿನಗಳಲ್ಲಿ ಹಳಿಯಾಳ, ಮುಂಡಗೋಡದ ಕಡೆ ಆನೆಗಳು ಗದ್ದೆಗಿಳಿಯುತ್ತವೆ. ಸಾರ್ವಜನಿಕ ರಸ್ತೆ ಬಿಟ್ಟು ಅರಣ್ಯದ ದಾರಿಗಳಿಗೆ ಅನುಮತಿಯಿಲ್ಲದೆ ನುಗ್ಗಬೇಡಿ. ಡಬ್ಬಿಯ ತಿಂಡಿಯನ್ನು ಬೆಂಗಳೂರಿನಿಂದ ಹೊತ್ತೊಯ್ಯದೆ ಅಲ್ಲಿಯ ಖಾನಾವಳಿಯಲ್ಲಿ, ಮನೆಗಳಲ್ಲಿ ಹಣ ಕೊಟ್ಟು ಉಣ್ಣಿ. ಗುಂಪು ಕಟ್ಟಿಕೊಂಡು ಸ್ಪೀಕರ್ ಹಚ್ಚಿ ಹೋಗುವುದಾದರೆ ದಯವಿಟ್ಟು ಹೋಗಲೇಬೇಡಿ. ನಾವು ಹುಡುಕಿಕೊಂಡು ಹೋಗುವ ಮೌನ ನಮ್ಮ ಸ್ವತ್ತಲ್ಲ. ಬೇರೆಯವರ ಮನೆಯ ಅಂಗಳದಲ್ಲಿ ನಾವು ಒಂದು ಗಳಿಗೆ ಕುಳಿತವರು.

ನನ್ನ ಬಾಕಿ ಈ ಲೇಖನದಿಂದ ತೀರುವುದಿಲ್ಲವೆಂದು ಬಲ್ಲೆ. ಕಳೆದ ಚಳಿಗಾಲದಲ್ಲಿ ಮತ್ತೆ ಹೋದಾಗ ಆ ಹಿರಿಯರ ಮುಂದೆ ಕುಳಿತು, ಕಿರುಸೇತುವೆಗೆ ಹೊಸ ಅರ್ಜಿ ಬರೆದುಕೊಟ್ಟೆ. ಮೂವತ್ತು ವರ್ಷ ಟಿಪ್ಪಣಿ ಬರೆದ ಕೈಯಲ್ಲವೇ, ಅರ್ಜಿ ಚೆನ್ನಾಗಿಯೇ ಬಂದಿದೆ. ಈ ಸಲ ಆ ದಾರಿಯಲ್ಲಿ ದಿನವೂ ಓಡಾಡುವವರನ್ನು ಅವರ ಮೊಮ್ಮಗಳ ನೆರವಿನಿಂದ ಒಬ್ಬೊಬ್ಬರಾಗಿ ಎಣಿಸಿ, ಹೆಸರು ಬರೆದು ಲಗತ್ತಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮಳೆಗಾಲಕ್ಕೆ ಮುನ್ನ ಕಾಲುಸಂಕಕ್ಕೆ ಎರಡು ಹೊಸ ದಿಮ್ಮಿ ಹಾಕಿದ್ದಾರಂತೆ. ಹಾಕಿದವರು ಊರವರೇ.